ಗಿಡದ ಜೊತೆ ಒಂದು ಬೊಗಸೆ ಕಾಡಿನ ಮಣ್ಣೂ ಕೊಡಿ: ನರ್ಸರಿ ನಡೆಸುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಅರಣ್ಯ ಇಲಾಖೆ, ತೋಟಗಾರಿಕೆ ಇಲಾಖೆ, ಪಂಚಾಯತ್, ಶಾಲೆಯ ಇಕೋ ಕ್ಲಬ್, ಹೀಗೆ ಯಾರೆಲ್ಲ ಪ್ರತಿ ಮಳೆಗಾಲ ಗಿಡ ಬೆಳೆಸಿ ಹಂಚ್ತೀರೋ ನೆಡಿಸ್ತೀರೋ ಅವರಿಗೆಲ್ಲ ಸೇರಿಸಿ ಒಂದೇ ಪತ್ರ ಬರೀತಾ ಇದ್ದೇನೆ. ಬೈಯ್ಲಿಕ್ಕೆ ಅಲ್ಲ. ನೀವು ಕೊಡುವ ಕಪ್ಪು ತೊಟ್ಟೆಯೊಳಗೆ ಗಿಡ ಉಂಟು, ಮಣ್ಣು ಉಂಟು, ಗೊಬ್ಬರ ಉಂಟು, ಆದ್ರೆ ಇರಬೇಕಾದ ಇನ್ನೊಬ್ಬ ಇಲ್ಲ. ಬೇರಿನ ಜೊತೆ ಬದುಕುವ ಶಿಲೀಂಧ್ರ, ಅಣಬೆಯ ಬಳಗದವ, ಅವನ ಬಗ್ಗೆ ಹೇಳ್ಬೇಕಿತ್ತು.

ನಾನು ಕಾರ್ಕಳದ ಕಡೆಯವ, ಕಾಲೇಜಲ್ಲಿ ಸಸ್ಯಶಾಸ್ತ್ರ ಪಾಠ ಮಾಡ್ತಿದ್ದೆ, ರಿಟೈರ್ ಆದ ಮೇಲೆ ಮನೆ ಹಿಂದಿನ ಬೋಳು ಗುಡ್ಡೆಯಲ್ಲಿ ಊರಿನ ಮರಗಳನ್ನೇ ಎಬ್ಬಿಸ್ಬೇಕು ಅಂತ ಹಠ ಹಿಡ್ದೆ. ಒಂದು ನರ್ಸರಿಯಿಂದ ಧೂಪದ ಸಸಿ ತಂದೆ, ಯಾವ ನರ್ಸರಿ ಅಂತ ಹೇಳುದಿಲ್ಲ, ಅವರದ್ದೊಬ್ಬರದ್ದೇ ತಪ್ಪೂ ಅಲ್ಲ. ಎಲೆ ಎಲ್ಲ ಕಡು ಹಸಿರು, ನೋಡಲಿಕ್ಕೆ ಭಾರಿ ಚಂದ. ನೆಟ್ಟೆ, ಬೇಲಿ ಕಟ್ಟಿದೆ, ಎರಡನೇ ಬೇಸಿಗೆ ಬರುವಷ್ಟರಲ್ಲಿ ಹೆಚ್ಚಿನವು ಹಳದಿಯಾಗಿ ನಿಂತಲ್ಲೇ ನಿಂತ್ವು, ಆಮೇಲೆ ಒಣಗಿದ್ವು. ಅದೇ ವರ್ಷ ಪಕ್ಕದ ದೇವರಕಾಡಿನಲ್ಲಿ ದೊಡ್ಡ ಧೂಪದ ಮರದ ಅಡಿ ತನ್ನಷ್ಟಕ್ಕೇ ಹುಟ್ಟಿದ ನಾಲ್ಕೈದು ಸಸಿಯನ್ನ, ಆಡಳಿತದವರತ್ರ ಕೇಳಿಯೇ, ಬುಡದ ಮಣ್ಣು ಸಮೇತ ಹಾರೆಯಲ್ಲಿ ಎಬ್ಬಿಸಿ ತಂದಿದ್ದೆ, ಬೇಲಿಯೂ ಇಲ್ಲ, ಗೊಬ್ಬರವೂ ಇಲ್ಲ, ಅವು ಇವತ್ತಿಗೂ ಉಂಟು. ಇದನ್ನ ಪ್ರಯೋಗ ಅಂತ ಕರೀಲಿಕ್ಕೆ ಆಗುದಿಲ್ಲ, ನನ್ನ ವಿದ್ಯಾರ್ಥಿ ಯಾರಾದ್ರೂ ಹೀಗೆ ಬರೆದು ತಂದಿದ್ರೆ ಮಾರ್ಕ್ಸ್ ಕೊಡ್ತಿರಲಿಲ್ಲ. ಆದ್ರೆ ಮಣ್ಣಲ್ಲಿ ಎಂತ ಇತ್ತು ಅಂತ ತಲೆಗೆ ಹುಳ ಬಿಟ್ಟದ್ದು ಅದೇ.

ನನ್ನ ಅಜ್ಜಿಗೆ ಉತ್ತರ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ನಮ್ಮ ಊರಲ್ಲಿ ಮೊದಲ ಗುಡುಗು ಮಳೆ ಬಂದ ಕೂಡ್ಲೆ ಜನ ಕತ್ತಿ, ಕೋಲು ಹಿಡ್ಕೊಂಡು ಕಾಡಿಗೆ ನುಗ್ತಾರೆ, ಕಲ್ಲಣಬೆ ಹುಡುಕ್ಲಿಕ್ಕೆ. ತುಳುವಲ್ಲಿ ಕಲ್ಲಲಾಂಬು. ಸಣ್ಣ ಬಟಾಟೆ ಹಾಗೆ ಉರುಟುರುಟು, ಮಣ್ಣೊಳಗೆ ಅರ್ಧ ಹುಗಿದಿರ್ತದೆ, ಒಳಗೆ ಬಿಳಿ ಇದ್ರೆ ಪಲ್ಯಕ್ಕೆ ಆಗ್ತದೆ, ಕಪ್ಪಾದ್ರೆ ಬಿಸಾಡುದು. ಪೇಟೆಯಲ್ಲಿ ಅದರ ರೇಟು ಕೇಳಿದ್ರೆ ಕೋಳಿಯೇ ಸಾಕು ಅಂತ ಅನ್ನಿಸ್ತದೆ. ಅಜ್ಜಿ ಕಂಡಕಂಡಲ್ಲಿ ಕೆದಕ್ತಿರಲಿಲ್ಲ, ಸೀದಾ ಕಿರಾಲ್‌ಬೋಗಿ ಮರದ ಬುಡಕ್ಕೆ ಹೋಗ್ತಿದ್ರು, ಇಲ್ಲಾಂದ್ರೆ ಧೂಪದ ಮರದ ಅಡಿಗೆ. ಹಲಸಿನ ಮರದ ಅಡಿಯಲ್ಲಿ ಹುಡುಕಿದ್ರೆ ನಗಾಡ್ತಿದ್ರು. ಯಾಕಂದ್ರೆ ಕಲ್ಲಣಬೆ, ವಿಜ್ಞಾನಿಗಳು ಆಸ್ಟ್ರೇಯಸ್ ಅಂತಾರೆ, ಬದುಕುದೇ ಧೂಪದ ಜಾತಿಯ ಮರದ ಬೇರಿನ ಜೊತೆ. ಮಣ್ಣ ಮೇಲೆ ಕಾಣುದು ಅದರ ಕಾಯಿ ಮಾತ್ರ, ಜೀವ ಪೂರ್ತಿ ಕೆಳಗೆ, ಬೇರಿಗೆ ಸುತ್ತಿಕೊಂಡ ನೂಲಿನಲ್ಲಿ. (ಹುತ್ತದ ಅಣಬೆಯದ್ದು ಬೇರೆಯೇ ಕತೆ, ಅದು ಗೆದ್ದಲು ಮಾಡುವ ಕೃಷಿ, ಮರಕ್ಕೂ ಅದಕ್ಕೂ ಇಂಥ ಸಂಬಂಧ ಇಲ್ಲ.)

ನಿಮ್ಮಂಥ ಅಧಿಕಾರಿಗಳಿಗೆ ಖುಷಿಯಾಗುವ ಒಂದು ವಿಷಯ ಹೇಳ್ತೇನೆ. ಈ ಬೇರು-ಶಿಲೀಂಧ್ರದ ಜೋಡಿಗೆ ಮೈಕೊರೈಜಾ ಅಂತ ಹೆಸರು ಬಂದದ್ದು ಒಂದು ಸರ್ಕಾರಿ ಕೆಲಸದಿಂದ. 1880ರ ದಶಕದಲ್ಲಿ ಪ್ರಷ್ಯಾ ಸರ್ಕಾರದವರು ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅನ್ನುವ ಸಸ್ಯವಿಜ್ಞಾನಿಗೆ, ಟ್ರಫಲ್ ಅಂತ ನೆಲದೊಳಗಿನ ದುಬಾರಿ ಅಣಬೆ ಉಂಟಲ್ಲ, ಅದನ್ನ ನಮ್ಮಲ್ಲಿ ಬೆಳೆಸ್ಲಿಕ್ಕೆ ಆಗ್ತದಾ ನೋಡಿ ಹೇಳಿ ಅಂತ ಕೆಲಸ ಒಪ್ಪಿಸಿದ್ರು. ಟ್ರಫಲ್ ಬೆಳೆಸ್ಲಿಕ್ಕೆ ಅವನಿಂದ ಆಗ್ಲಿಲ್ಲ. ಬದಲಿಗೆ ಮರದ ಬೇರಿನ ತುದಿಯೆಲ್ಲ ಶಿಲೀಂಧ್ರದ ಟೊಪ್ಪಿ ಹಾಕಿಕೊಂಡದ್ದು ಕಂಡಿತು, ಅದು ರೋಗ ಅಲ್ಲ, ಮರವೇ ಅದರ ಮೂಲಕ ಉಣ್ತಾ ಉಂಟು ಅಂತ 1885ರಲ್ಲಿ ಬರೆದ. ತುಂಬಾ ಜನ ನಂಬ್ಲಿಲ್ಲ, ಬೇರಿಗೆ ಶಿಲೀಂಧ್ರ ಹತ್ತಿದ್ರೆ ಅದು ಕೊಳೆ ರೋಗವೇ ಅನ್ನುದು ಆಗಿನವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಈಗಿನ ಕೆಲವು ನರ್ಸರಿಯವರ ತಲೆಯಲ್ಲೂ ಹಾಗೇ ಕೂತಿದೆ, ಅದಕ್ಕೇ ತೊಟ್ಟೆ ತುಂಬಿಸಿದ ಕೂಡ್ಲೆ ಶಿಲೀಂಧ್ರನಾಶಕ ಹೊಯ್ಯುದು.

ಈಗ ಒಳಗಿನ ಕತೆ. ಸ್ವಲ್ಪ ಉದ್ದ ಉಂಟು, ಆದ್ರೆ ಇದು ಗೊತ್ತಾಗದೆ ನಾನು ಕೊನೆಗೆ ಕೇಳುದು ಯಾಕೆ ಅಂತ ಗೊತ್ತಾಗುದಿಲ್ಲ, ಹಾಗಾಗಿ ಕೂತು ಓದಿ ಮಾರಾಯ್ರೆ.

ಗಿಡಕ್ಕೆ ರಂಜಕ ಬೇಕೇ ಬೇಕು. ನಮ್ಮ ಮುರಕಲ್ಲಿನ ಕೆಂಪು ಮಣ್ಣಲ್ಲಿ ಅದು ಇಲ್ಲಾಂತಲ್ಲ, ಕಬ್ಬಿಣವೂ ಅಲ್ಯುಮಿನಿಯಮ್ಮೂ ಅದನ್ನ ಬಿಗಿಯಾಗಿ ಹಿಡ್ಕೊಂಡಿರ್ತವೆ, ಕರಗಿ ಬೇರಿನ ಹತ್ರ ಬರುದು ಬಹಳ ನಿಧಾನ. ಬೇರು ತನ್ನ ಆಚೀಚೆ ಒಂದೆರಡು ಮಿಲಿಮೀಟರಲ್ಲಿ ಸಿಕ್ಕಿದ್ದನ್ನ ಹೀರಿ ಮುಗಿಸ್ತದೆ, ಆಮೇಲೆ ಬಾಯಿ ಬಿಟ್ಟು ಕೂರ್ಬೇಕು. ಶಿಲೀಂಧ್ರದ ಎಳೆ ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಪೂರ, ಬೇರು ಹೊಗದ ಸಂದಿಗೆಲ್ಲ ಅದು ಹೋಗ್ತದೆ, ಎಷ್ಟೋ ದೂರದಿಂದ ರಂಜಕ ತಂದು ಕೊಡ್ತದೆ. ಬದಲಿಗೆ ಮರ ಬಿಸಿಲಲ್ಲಿ ಮಾಡಿದ ಅನ್ನದ ಒಂದು ಪಾಲು ಕೊಡ್ತದೆ. ಇಷ್ಟು ಪಿಯುಸಿ ಪುಸ್ತಕದಲ್ಲೂ ಉಂಟು. ಆದ್ರೆ ಕಣ್ಣಿಲ್ಲದ ಬೇರಿಗೂ ಕಿವಿಯಿಲ್ಲದ ಶಿಲೀಂಧ್ರಕ್ಕೂ ಕತ್ತಲೆಯಲ್ಲಿ ಗುರ್ತ ಸಿಗುದು ಹೇಗೆ?

ಮೊದಲು ಮಾತಾಡುದು ಬೇರು. ರಂಜಕದ ಹಸಿವಾದಾಗ ಸ್ಟ್ರಿಗೋಲ್ಯಾಕ್ಟೋನ್ ಅನ್ನುವ ರಾಸಾಯನಿಕವನ್ನ ಮಣ್ಣಿಗೆ ಬಿಡ್ತದೆ, ಪ್ರಮಾಣ ಎಷ್ಟು ಕಮ್ಮಿ ಅಂದ್ರೆ ಅಳೀಲಿಕ್ಕೇ ಕಷ್ಟ. ಈ ಹೆಸರು ಬಂದದ್ದು ಸ್ಟ್ರೈಗಾ ಅನ್ನುವ ಕಳೆಯಿಂದ, ಜೋಳದ ಬೇರಿಗೆ ಕಚ್ಚಿಕೊಂಡು ಸತ್ವ ಹೀರ್ತದಲ್ಲ, ಉತ್ತರ ಕರ್ನಾಟಕದ ರೈತರಿಗೆ ಅದರ ಕಾಟ ಗೊತ್ತುಂಟು, ಅದೇ. ಅದರ ಬೀಜ ವರ್ಷಗಟ್ಲೆ ಮಣ್ಣಲ್ಲಿ ಮಲಗಿದ್ದು ಈ ರಾಸಾಯನಿಕದ ವಾಸನೆ ಬಂದ ಕೂಡ್ಲೆ ಮೊಳಕೆ ಒಡೀತದೆ ಅಂತ 1966ರಲ್ಲೇ ಗೊತ್ತಾಗಿತ್ತು. ಆದ್ರೆ ತನ್ನ ರಕ್ತ ಹೀರುವವನನ್ನ ಗಿಡವೇ ಕೂಗಿ ಕರೆಯುದು ಯಾಕೆ ಅಂತ ಸುಮಾರು 40 ವರ್ಷ ಯಾರಿಗೂ ತಲೆಬುಡ ಅರ್ಥ ಆಗ್ಲಿಲ್ಲ. 2005ರಲ್ಲಿ ಜಪಾನಿನ ಅಕಿಯಾಮ ಮತ್ತೆ ಅವರ ಜೊತೆಯವರು ತೋರಿಸಿದ್ರು, ಕರೆ ಹೋಗುದು ಶಿಲೀಂಧ್ರಕ್ಕೆ, ಕಳೆ ಅದನ್ನ ಕದ್ದು ಕೇಳುದು ಅಂತ. ನೆಂಟನಿಗೆ ಇಟ್ಟ ದೀಪ ಕಳ್ಳನಿಗೂ ದಾರಿ ತೋರಿಸಿದ ಹಾಗೆ.

ಆ ವಾಸನೆ ತಾಗಿದ್ದೇ ತಡ ಶಿಲೀಂಧ್ರದ ಎಳೆ ಕವಲು ಕವಲಾಗಿ ಒಡೀತದೆ, ಮತ್ತೆ ತಾನೂ ಉತ್ತರ ಕಳಿಸ್ತದೆ. ಏಡಿ, ಸಿಗಡಿ ಚಿಪ್ಪಲ್ಲಿ ಇರುವ ಕೈಟಿನ್ ಶಿಲೀಂಧ್ರದ ಮೈಯಲ್ಲೂ ಉಂಟು, ಅದರ ನಾಲ್ಕೈದು ಕೊಂಡಿಯ ಸಣ್ಣ ತುಂಡುಗಳು ಮತ್ತೆ ಅಂಥದ್ದೇ ತುಂಡಿಗೆ ಕೊಬ್ಬಿನ ಬಾಲ ಅಂಟಿಸಿದ ಅಣುಗಳು, ಇವೇ ಆ ಉತ್ತರ. ಇಲ್ಲಿ ತಮಾಷೆ ನೋಡಿ, ರೋಗ ತರುವ ಶಿಲೀಂಧ್ರದಲ್ಲೂ ಇರುದು ಅದೇ ಕೈಟಿನ್. ಗಿಡ ತುಂಡಿನ ಉದ್ದ ನೋಡ್ತದೆ, ಎಂಟು ಕೊಂಡಿಯ ಉದ್ದದ್ದಾದ್ರೆ ಹೆಚ್ಚಾಗಿ ವೈರಿ ಬಂದ ಅಂತ ಬೊಬ್ಬೆ, ಗಿಡ್ಡ ಆದ್ರೆ, ಬಾಲ ಇದ್ರೆ, ಮಿತ್ರ. ನಿಜದಲ್ಲಿ ಇಷ್ಟು ಸಲೀಸು ಇಲ್ಲ, ಎರಡೂ ಒಟ್ಟೊಟ್ಟಿಗೇ ನಡೀತಿರ್ತದೆ, ಆದ್ರೆ ಮೂಲ ಲೆಕ್ಕ ಹೀಗೆ.

ಬೇರಿನ ಜೀವಕೋಶದ ಹೊರಪೊರೆಯಲ್ಲಿ ಇದನ್ನ ಹಿಡಿಯುವ ಪ್ರೋಟೀನುಗಳು ಉಂಟು, ಅವು ಒಳಗೆ ಸುದ್ದಿ ಮುಟ್ಟಿಸಿದ ಕೂಡ್ಲೆ ನ್ಯೂಕ್ಲಿಯಸ್ಸಿನಲ್ಲಿ ಕ್ಯಾಲ್ಸಿಯಂ ಏರ್ತದೆ ಇಳೀತದೆ ಪುನಃ ಏರ್ತದೆ, ದೇವಸ್ಥಾನದ ಚೆಂಡೆ ಪೆಟ್ಟಿನ ಹಾಗೆ. ಆ ಪೆಟ್ಟನ್ನ ಎಣಿಸಿ ಅರ್ಥ ಮಾಡ್ಕೊಳ್ಳಲಿಕ್ಕೇ ಸಿಸಿಎಎಂಕೆ ಅಂತ ಒಂದು ಕಿಣ್ವ, ಅದು ಸೈಕ್ಲಾಪ್ಸ್ ಅನ್ನುವ ಇನ್ನೊಂದು ಪ್ರೋಟೀನನ್ನ ಎಬ್ಬಿಸ್ತದೆ, ಅದು ಹೋಗಿ ರ‍್ಯಾಮ್1 ಅನ್ನುವ ಜೀನಿನ ಸ್ವಿಚ್ ಹಾಕ್ತದೆ, ಆಮೇಲೆ ಸಾಲಾಗಿ ಎಷ್ಟೋ ಜೀನುಗಳು. ನಂಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಶಿಲೀಂಧ್ರ ಇನ್ನೂ ಹೊರಗೆ ಬಾಗಿಲಲ್ಲಿ ಇರುವಾಗಲೇ ಒಳಗಿನ ಜೀವಕೋಶ ತನ್ನ ನ್ಯೂಕ್ಲಿಯಸ್ಸನ್ನ ಸರಿಸಿಕೊಂಡು ಅದು ಹೋಗುವ ದಾರಿಯನ್ನ ಮೊದಲೇ ಕೊರೆದು ಇಟ್ಟಿರ್ತದೆ. ನುಗ್ಗಿ ಬಂದದ್ದಲ್ಲ, ಚಪ್ಪರ ಹಾಕಿ ಕರ್ಕೊಂಡು ಹೋದದ್ದು.

ಒಳಗೆ ಹೋದ ಎಳೆ ಒಂದೊಂದು ಜೀವಕೋಶದಲ್ಲಿ ಪುಟ್ಟ ಮರದ ಹಾಗೆ ಕವಲೊಡೀತದೆ, ಅದಕ್ಕೆ ಆರ್ಬಸ್ಕ್ಯೂಲ್ ಅಂತಾರೆ. ಗಿಡ ಅದರ ಸುತ್ತ ತನ್ನದೇ ಒಂದು ತೆಳು ಪೊರೆ ಹೊದಿಸ್ತದೆ, ಕೊಡು-ಕೊಳ್ಳು ಎಲ್ಲ ಆ ಪೊರೆಯಲ್ಲೇ. ಅಲ್ಲಿ ಪಿಟಿ4 ಅಂತ ರಂಜಕ ಒಳಗೆ ಎಳ್ಕೊಳ್ಳುವ ಒಂದು ಗೇಟು ಉಂಟು. ಮೆಡಿಕಾಗೊ ಅನ್ನುವ ಗಿಡದಲ್ಲಿ ಆ ಜೀನನ್ನ ಕೆಡಿಸಿ ನೋಡಿದ್ರು, ರಂಜಕ ಬರದ ಆರ್ಬಸ್ಕ್ಯೂಲನ್ನ ಗಿಡ ಬೇಗನೆ ಕರಗಿಸಿ ಹಾಕ್ತದೆ. ಬಾಡಿಗೆ ಕೊಡದಿದ್ರೆ ಮನೆ ಖಾಲಿ. 2011ರಲ್ಲಿ ಟೋಬಿ ಕೀರ್ಸ್ ಅವರ ತಂಡ ತೋರಿಸಿದ್ದೂ ಇಂಥದ್ದೇ, ಹೆಚ್ಚು ರಂಜಕ ತರುವ ಶಿಲೀಂಧ್ರಕ್ಕೆ ಗಿಡ ಹೆಚ್ಚು ಸಕ್ಕರೆ ಕೊಡ್ತದೆ, ಶಿಲೀಂಧ್ರವೂ ಹಾಗೇ, ಹೆಚ್ಚು ಕೊಟ್ಟ ಬೇರಿಗೆ ಹೆಚ್ಚು ರಂಜಕ. ನಮ್ಮ ಊರಿನ ಅಡಿಕೆ ವ್ಯಾಪಾರಿಗಳಿಗಿಂತ ಕಮ್ಮಿ ಏನಲ್ಲ.

ಸಕ್ಕರೆ ಮಾತ್ರ ಅಂತ ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಅದು ಪೂರ್ತಿ ಸರಿ ಅಲ್ಲ ಅಂತ 2017ರಲ್ಲಿ ಗೊತ್ತಾಯ್ತು. ಈ ಜಾತಿಯ ಶಿಲೀಂಧ್ರಕ್ಕೆ ಕೊಬ್ಬಿನಾಮ್ಲ ಕಟ್ಟುವ ಮುಖ್ಯ ಯಂತ್ರವೇ ಇಲ್ಲ, ಅದರ ಜೀನೋಮಿನಲ್ಲಿ ಆ ಜೀನು ಹುಡುಕಿದ್ರೂ ಸಿಕ್ಕುದಿಲ್ಲ. ಕೊಬ್ಬನ್ನ ಗಿಡವೇ ತಯಾರಿಸಿ ಕೊಡ್ತದೆ. ಹಾಗಾಗಿ ಬೇರಿಲ್ಲದೆ ಅದಕ್ಕೆ ಬದುಕೇ ಇಲ್ಲ. ಈ ಸಂಬಂಧ ಸುಮಾರು 40 ಕೋಟಿ ವರ್ಷ ಹಳೇದು, ಸ್ಕಾಟ್ಲೆಂಡಿನ ರೈನಿ ಅನ್ನುವ ಜಾಗದ ಕಲ್ಲಲ್ಲಿ ಸಿಕ್ಕಿದ ಪಳೆಯುಳಿಕೆಯಲ್ಲಿ ಆರ್ಬಸ್ಕ್ಯೂಲ್ ಕಾಣ್ತದೆ, ಆಗ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ! ನಮ್ಮ ಅಲಸಂಡೆ ಬೇರಿನ ಗಂಟಲ್ಲಿ ಸಾರಜನಕ ಕಟ್ಟುವ ಬ್ಯಾಕ್ಟೀರಿಯಾ ಉಂಟಲ್ಲ, ಅದನ್ನ ಒಳಗೆ ಕರೆಯುದೂ ಇದೇ ಕ್ಯಾಲ್ಸಿಯಂ, ಇದೇ ಸೈಕ್ಲಾಪ್ಸ್. ಹಳೇ ದಾರಿಯಲ್ಲೇ ಹೊಸ ನೆಂಟ.

ಇಷ್ಟು ಹೊತ್ತು ಹೇಳಿದ್ದು ನೀವು ವ್ಯಾಮ್ ಅಂತ ಕರೆಯುವ ಶಿಲೀಂಧ್ರದ ಬಗ್ಗೆ. ಕರ್ನಾಟಕದ ರೈತರಿಗೆ ಇದು ಹೊಸತಲ್ಲ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಡಾ. ಡಿ.ಜೆ. ಬಾಗ್ಯರಾಜ್ ಅವರು ದಶಕಗಟ್ಲೆ ಇದರ ಮೇಲೆ ಕೆಲಸ ಮಾಡಿದ್ದಾರೆ. ಅಡಿಕೆ, ಕರಿಮೆಣಸು, ಮಾವು, ಹಲಸು, ತೇಗ ಎಲ್ಲಕ್ಕೂ ಜೊತೆಗಾರ ವ್ಯಾಮೇ. ಗಲಾಟೆ ಇರುದು ಇಲ್ಲಿ: ಧೂಪ, ಕಿರಾಲ್‌ಬೋಗಿ ಇವಕ್ಕೆ ಮುಖ್ಯವಾಗಿ ಬೇಕಾದ್ದು ವ್ಯಾಮ್ ಅಲ್ಲ. ಅವರದ್ದು ಬೇರೆಯೇ ಮನೆತನ, ಎಕ್ಟೋಮೈಕೊರೈಜಾ. ಲೋಕದ ಗಿಡಗಳಲ್ಲಿ ಬರೀ 2 ಶೇಕಡದಷ್ಟು ಜಾತಿಗಳಿಗೆ ಇದು ಇರುದು, ಆದ್ರೆ ಪೈನ್, ಓಕ್, ನೀಲಗಿರಿ, ನಮ್ಮ ಧೂಪದ ಬಳಗ, ಹೀಗೆ ದೊಡ್ಡ ದೊಡ್ಡ ಕಾಡು ಕಟ್ಟುವ ಮರಗಳೇ ಅವು.

ಇಲ್ಲಿ ಶಿಲೀಂಧ್ರ ಜೀವಕೋಶದ ಒಳಗೆ ಹೋಗುದಿಲ್ಲ. ಬೇರಿನ ತುದಿಗೆ ಹೊರಗಿಂದ ಕವಚ ಹಾಕ್ತದೆ, ಕೋಶ ಕೋಶದ ಸಂದಿಯಲ್ಲಿ ಬಲೆ ಹೆಣೀತದೆ, ಅದಕ್ಕೆ ಹಾರ್ಟಿಗ್ ಬಲೆ ಅಂತ ಹೆಸರು. ಇವುಗಳ ಪೂರ್ವಜರು ಮರ ಕೊಳೆಸುವ ಕೆಲಸದವರು, ಕಟ್ಟಿಗೆ ತಿಂದು ಬದುಕಿದವರು, ಸಂಬಂಧ ಬೆಳೆಸುವಾಗ ಆ ಆಯುಧಗಳನ್ನ ಕೆಳಗಿಟ್ಟಿದ್ದಾರೆ. ಲಕೇರಿಯಾ ಬೈಕಲರ್ ಅನ್ನುವ ಅಣಬೆಯ ಜೀನೋಮನ್ನ 2008ರಲ್ಲಿ ಓದಿದಾಗ ಗಿಡದ ಕೋಶಗೋಡೆ ಒಡೆಯುವ ಕಿಣ್ವಗಳು ಬಹಳ ಕಮ್ಮಿ ಸಿಕ್ಕಿದ್ವು. ಬದಲಿಗೆ ಸಿಕ್ಕಿದ್ದು ಸಣ್ಣ ಸಣ್ಣ ಪ್ರೋಟೀನುಗಳು, ಗಿಡದ ಒಳಗೆ ಕಳಿಸ್ಲಿಕ್ಕೆ ಮಾಡಿದಂಥವು. ಅದರಲ್ಲೊಂದು ಎಂಐಎಸ್‌ಎಸ್‌ಪಿ7. ಪಾಪ್ಲರ್ ಮರದ ಮೇಲೆ ಕೆಲಸ ಮಾಡಿ 2011ರಲ್ಲಿ ಮತ್ತೆ 2014ರಲ್ಲಿ ತೋರಿಸಿದ್ದು ಎಂತ ಅಂದ್ರೆ, ಈ ಪ್ರೋಟೀನು ಬೇರಿನ ಕೋಶದೊಳಗೆ ಹೋಗಿ ಸೀದಾ ನ್ಯೂಕ್ಲಿಯಸ್ ಸೇರ್ತದೆ. ಗಿಡಕ್ಕೆ ಯಾರಾದ್ರೂ ಕಚ್ಚಿದ್ರೆ ಜಾಸ್ಮೋನಿಕ್ ಆಮ್ಲ ಅನ್ನುವ ಹಾರ್ಮೋನು ಏರ್ತದೆ, ಅದು ಏರಿದ್ರೆ ಜಾಝ್ ಅನ್ನುವ ಕಾವಲು ಪ್ರೋಟೀನುಗಳು ಪುಡಿಯಾಗಿ ರಕ್ಷಣೆಯ ಜೀನುಗಳು ಬಿಚ್ಚಿಕೊಳ್ತವೆ. ಎಂಐಎಸ್‌ಎಸ್‌ಪಿ7 ಹೋಗಿ ಜಾಝ್6ನ್ನ ಅಪ್ಪಿ ಹಿಡ್ಕೊಂಡು ಪುಡಿಯಾಗದ ಹಾಗೆ ನೋಡ್ಕೊಳ್ತದೆ, ಅಂದ್ರೆ ಮನೆಯ ನಾಯಿ ಬೊಗಳದ ಹಾಗೆ ತಲೆ ಸವರಿ ಕೂರಿಸಿದ ಹಾಗೆ. ಶಿಲೀಂಧ್ರದಲ್ಲಿ ಆ ಪ್ರೋಟೀನು ತಗ್ಗಿಸಿದ್ರೆ ಬಲೆ ಹೆಣಿಯಲಿಕ್ಕೇ ಆಗುದಿಲ್ಲ.

ಇಷ್ಟು ಸೂಕ್ಷ್ಮ ಮಾತುಕತೆ ನಡೆಯುವ ಜಾಗಕ್ಕೆ ನಾವು ಮುಷ್ಟಿಗಟ್ಲೆ ಡಿಎಪಿ, ಅಂದ್ರೆ ರಂಜಕ ತುಂಬಿದ ಗೊಬ್ಬರ, ಸುರೀತೇವೆ. ಆಗ ಎಂತ ಆಗ್ತದೆ ಅನ್ನುದೂ ಅಣು ಮಟ್ಟದಲ್ಲೇ ಗೊತ್ತುಂಟು, ವ್ಯಾಮ್ ಪೈಕಿಯದ್ದು, ಭತ್ತದಲ್ಲಿ ಚೆನ್ನಾಗಿ ನೋಡಿದ್ದಾರೆ. ರಂಜಕ ಕಮ್ಮಿ ಇರುವಾಗ ಪಿಎಚ್‌ಆರ್ ಅನ್ನುವ ಪ್ರೋಟೀನು ಈ ಸಂಬಂಧದ ಜೀನುಗಳನ್ನೆಲ್ಲ ಎಬ್ಬಿಸ್ತದೆ. ರಂಜಕ ಹೊಟ್ಟೆ ತುಂಬ ಸಿಕ್ಕಿದ್ರೆ ಎಸ್‌ಪಿಎಕ್ಸ್ ಅನ್ನುವ ಇನ್ನೊಂದು ಪ್ರೋಟೀನು ಅದರ ಕೈ ಕಟ್ಟಿ ಹಾಕ್ತದೆ. ಸ್ಟ್ರಿಗೋಲ್ಯಾಕ್ಟೋನ್ ಬಂದ್, ಕರೆ ಬಂದ್. ಶಿಲೀಂಧ್ರ ಪಕ್ಕದಲ್ಲೇ ಇದ್ರೂ ಬೇರು ಬಾಗಿಲು ತೆಗೆಯುದಿಲ್ಲ. ತೊಟ್ಟೆಯಲ್ಲಿ ಆರು ತಿಂಗಳು ಹೀಗೆ ಕಡು ಹಸಿರಾಗಿ ಬೆಳೆದ ಸಸಿಯನ್ನ ತಂದು ಗೊಬ್ಬರ ಇಲ್ಲದ ಮುರಕಲ್ಲು ಗುಡ್ಡೆಯಲ್ಲಿ ನೆಟ್ರೆ, ಪೇಟೆಯಲ್ಲಿ ಹೋಟೆಲ್ ಊಟ ಮಾಡಿ ಬೆಳೆದವನನ್ನ ಕಾಡಲ್ಲಿ ಬಿಟ್ಟ ಹಾಗೆ. ಆಗ ಕರೆದ್ರೂ ಬರುವವರು ಯಾರೂ ಇಲ್ಲ, ಬೋಳು ಗುಡ್ಡೆಯಲ್ಲಿ ಧೂಪದ ಶಿಲೀಂಧ್ರ ಎಲ್ಲಿಂದ ಬರಬೇಕು?

ಕೆರಿಬಿಯನ್ ಕಡೆಯ ಪೋರ್ಟೊ ರಿಕೊದಲ್ಲಿ ಅರಣ್ಯದವರು ಪೈನ್ ಬೆಳೆಸ್ಲಿಕ್ಕೆ ವರ್ಷಗಟ್ಲೆ ಒದ್ದಾಡಿದ್ರು, ಸಸಿ ಮೊಳೀತಿತ್ತು, ಹಳದಿಯಾಗ್ತಿತ್ತು, ಸಾಯ್ತಿತ್ತು. 1950ರ ದಶಕದಲ್ಲಿ ಹೊರಗಿನ ಪೈನ್ ಕಾಡಿನ ಮಣ್ಣು ತಂದು ಬುಡಕ್ಕೆ ಹಾಕಿದ ಮೇಲೆಯೇ ಅವು ಎದ್ದು ನಿಂತದ್ದು. ಅತ್ಲಾಗಿ ಅಕೇಶಿಯಾ ನೋಡಿ, ಅದಕ್ಕೆ ವ್ಯಾಮೂ ಆಗ್ತದೆ, ಎಕ್ಟೋವೂ ಆಗ್ತದೆ, ಬೇರಿನ ಗಂಟಲ್ಲಿ ಬ್ಯಾಕ್ಟೀರಿಯಾವೂ ಉಂಟು, ಯಾರ ಮನೆಯಲ್ಲೂ ಊಟಕ್ಕೆ ಕೂರ್ತದೆ. ಅಕೇಶಿಯಾ ಎಲ್ಲಿ ಹಾಕಿದ್ರೂ ಬರ್ತದೆ, ಊರಿನ ಮರ ಬದುಕುದಿಲ್ಲ ಅಂತ ನೀವು ಹೇಳ್ತೀರಲ್ಲ, ಅದರಲ್ಲಿ ಒಂದು ಪಾಲಾದ್ರೂ ಇದೇ ಕಾರಣ ಅಂತ ನನ್ನ ಅಭಿಪ್ರಾಯ. ಮರದ ಯೋಗ್ಯತೆ ಕಮ್ಮಿ ಅಲ್ಲ, ನಾವು ಜೊತೆಗಾರನನ್ನ ಬಿಟ್ಟು ಒಬ್ಬನನ್ನೇ ಕಳಿಸಿದ್ದು.

ಹಾಗಾಗಿ ಕೇಳ್ತೇನೆ, ಧೂಪ, ಕಿರಾಲ್‌ಬೋಗಿ ಇಂಥ ಮರದ ತೊಟ್ಟೆ ತುಂಬಿಸುವಾಗ ಅದೇ ಜಾತಿಯ ದೊಡ್ಡ ಮರದ ಬುಡದಿಂದ, ತರಗೆಲೆ ಸರಿಸಿ, ಸಪೂರ ಬೇರು ಇರುವ ಮೇಲಿನ ಮಣ್ಣನ್ನ ತೊಟ್ಟೆಗೊಂದು ಹಿಡಿ ಸೇರಿಸಿ. ಲಾರಿಗಟ್ಲೆ ಅಗೀಬೇಡಿ, ಒಂದು ಮರದಿಂದ ಒಂದು ಬುಟ್ಟಿ ಸಾಕು, ಮುಂದಿನ ವರ್ಷಕ್ಕೆ ನರ್ಸರಿಯ ಹಳೇ ಸಸಿಯ ಮಣ್ಣೇ ಬೀಜ ಮಣ್ಣಾಗ್ತದೆ. ದೂರದ ಜಿಲ್ಲೆಯಿಂದ ತರಬೇಡಿ, ಅಡಿಕೆ ತೋಟದ ಹತ್ರದ್ದಂತೂ ಬೇಡವೇ ಬೇಡ, ಕೊಳೆ ರೋಗದ ಫೈಟಾಫ್ತೊರಾ ಮಣ್ಣಲ್ಲೇ ಸವಾರಿ ಮಾಡ್ತದೆ. ಡಿಎಪಿ ಹಾಕುವ ಕೈ ಸ್ವಲ್ಪ ಬಿಗಿ ಮಾಡಿ, ಎಲೆಯ ಬಣ್ಣ ಒಂಚೂರು ಸಪ್ಪೆಯಾದ್ರೆ ಆಗ್ಲಿ. ರೋಗವೇ ಕಾಣದೆ ಶಿಲೀಂಧ್ರನಾಶಕ ಹೊಯ್ಬೇಡಿ. ವ್ಯಾಮ್ ಪ್ಯಾಕೆಟ್ ತಂದಿದ್ರೆ ಹಲಸಿಗೆ ಮಾವಿಗೆ ಹಾಕಿ, ಧೂಪಕ್ಕೆ ಅದೊಂದನ್ನೇ ಹಾಕಿ ಕೆಲಸ ಮುಗೀತು ಅಂತ ರಿಜಿಸ್ಟರಲ್ಲಿ ಬರೀಬೇಡಿ.

ಮತ್ತೆ ಟೆಂಡರಲ್ಲಿ ಗಿಡದ ಎತ್ತರ, ಕಾಂಡದ ದಪ್ಪ ಅಂತೆಲ್ಲ ಬರೀತೀರಿ. ಬೇರು ನೋಡ್ಬೇಕು ಅಂತ ಒಂದು ಸಾಲು ಸೇರಿಸ್ಲಿಕ್ಕೆ ಖರ್ಚಿಲ್ಲ. ನೂರು ಸಸಿಯಲ್ಲಿ ಎರಡು ತೊಟ್ಟೆ ಹರಿದು ಬೇರು ತೊಳೆದು ಒಂದು ಕೈ ಮಸೂರದಲ್ಲಿ ನೋಡಿದ್ರೆ ಸಾಕು. ಎಕ್ಟೋಮೈಕೊರೈಜಾ ಹತ್ತಿದ ತುದಿ ಗಿಡ್ಡ, ದಪ್ಪ, ಕವಲು ಕವಲು, ಮೇಲೆ ಬಿಳಿಯೋ ಕಂದೋ ಹತ್ತಿಯಂಥ ಹೊದಿಕೆ. ಹತ್ತದ ಬೇರು ಸಪೂರ, ಉದ್ದ, ಬೆತ್ತಲೆ. ಪಿಯುಸಿ ಹುಡುಗಿಗೂ ಗೊತ್ತಾಗ್ತದೆ. ವ್ಯಾಮ್ ಮಾತ್ರ ಹಾಗೆ ಕಾಣುದಿಲ್ಲ, ಅದಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ಇಡ್ಬೇಕು, ಹತ್ತಿರದ ಕಾಲೇಜಿಗೆ ಕಳಿಸಿ, ಮಕ್ಕಳಿಗೂ ಪ್ರಾಕ್ಟಿಕಲ್ ಆಗ್ತದೆ.

ಒಂದು ಮಾತು ಮರೆತಿದ್ದೆ. ಮಣ್ಣೊಳಗೆ ಮರಗಳ ಇಂಟರ್ನೆಟ್ ಉಂಟು, ತಾಯಿ ಮರ ಮಕ್ಕಳಿಗೆ ಊಟ ಕಳಿಸ್ತದೆ ಅಂತ ವಾಟ್ಸಾಪಲ್ಲಿ ಬರ್ತದಲ್ಲ, ವನಮಹೋತ್ಸವದ ಭಾಷಣದಲ್ಲಿ ದಯಮಾಡಿ ಅದನ್ನ ಹಾಕ್ಬೇಡಿ. 1997ರಲ್ಲಿ ಸುಝಾನ್ ಸಿಮಾರ್ಡ್ ಅವರು ಒಂದು ಮರದ ಇಂಗಾಲ ಇನ್ನೊಂದಕ್ಕೆ ಹೋದದ್ದನ್ನ ಕಾಡಲ್ಲೇ ತೋರಿಸಿದ್ದು ಹೌದು, ಆದ್ರೆ ಆ ಕತೆ ಆಮೇಲೆ ಪುರಾವೆಗಿಂತ ಎಷ್ಟೋ ಮುಂದೆ ಓಡಿತು ಅಂತ 2023ರಲ್ಲಿ ಅದೇ ಕ್ಷೇತ್ರದವರೇ ಬರೆದಿದ್ದಾರೆ. ಸೈಕ್ಲಾಪ್ಸ್, ಪಿಟಿ4 ಇವೆಲ್ಲ ಗಟ್ಟಿ ಪುರಾವೆ ಇರುವ ಸಂಗತಿಗಳು, ಅವೇ ಸಾಕಷ್ಟು ಚಂದ ಉಂಟು.

ಧೂಪದ ಬೀಜ ಇಟ್ಕೊಳ್ಳಲಿಕ್ಕೆ ಆಗುದಿಲ್ಲ ಅಂತ ನಿಮಗೆ ಗೊತ್ತೇ ಉಂಟು, ಒಣಗಿದ್ರೆ ಸತ್ತಿತು, ಮಳೆಗೆ ಬಿದ್ದು ಅಲ್ಲೇ ಮೊಳೀಬೇಕು. ಬರುವ ಮಳೆಗಾಲ ಬೀಜ ಹೆಕ್ಲಿಕ್ಕೆ ಜನ ಕಳಿಸುವಾಗ ಅವರ ಕೈಯಲ್ಲಿ ಇನ್ನೊಂದು ಖಾಲಿ ಬುಟ್ಟಿ ಕೊಡಿ, ನಮ್ಮ ಕಡೆ ಬಂದ್ರೆ ಎಲ್ಲಿ ಕೆದಕಬೇಕು ಅಂತ ನಾನೇ ಬಂದು ತೋರಿಸ್ತೇನೆ. ಕಲ್ಲಣಬೆ ಸಿಕ್ಕಿದ್ರೆ ಪಾಲು ಮಾಡುವ, ಆದ್ರೆ ಅದರ ಗ್ಯಾರಂಟಿ ಕೊಡುದಿಲ್ಲ, ಊರಿನ ಹೆಂಗಸರು ಅಷ್ಟರಲ್ಲಿ ಬಂದು ಹೋಗಿರ್ತಾರೆ.

ಇತಿ,
ಕಾರ್ಕಳ ಕಡೆಯ ಒಬ್ಬ ರಿಟೈರ್ಡ್ ಸಸ್ಯಶಾಸ್ತ್ರ ಮೇಷ್ಟ್ರು